ನಮ್ಮ ಏರಿಯಾಗೊಂದು ಸಾರ್ವಜನಿಕ ಶೌಚಾಲಯ: ಮನೆಮನೆಗೆ ಹೋಗಿ ಒಪ್ಪಿಸುವುದು ಹೇಗೆ?

"ನಮ್ಮ ಬಸ್ ಸ್ಟಾಪ್ ಹತ್ತಿರ ಒಂದು ಟಾಯ್ಲೆಟ್ ಬೇಕು. ಯಾರನ್ನು ಕೇಳಬೇಕು?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೇಳುವವರಿಗೆ ಬೇಕಿರುವುದು ಅಧಿಕಾರಿಯ ಹುದ್ದೆ, ಆಫೀಸಿನ ವಿಳಾಸ, ಮನವಿಯ ನಮೂನೆ. ಅದನ್ನೆಲ್ಲ ಹೇಳೋಣ. ಆದರೆ ಆಫೀಸಿನ ಮೆಟ್ಟಿಲು ಹತ್ತುವ ಮೊದಲು ನಿಮ್ಮ ಬೀದಿಯ ಮೆಟ್ಟಿಲುಗಳನ್ನು ಹತ್ತಬೇಕು.

ಯಾಕೆ ಅಂದರೆ, ಶೌಚಾಲಯವೇ ಬೇಡ ಅನ್ನುವ ಮನುಷ್ಯ ನನಗೆ ಇದುವರೆಗೆ ಸಿಕ್ಕಿಲ್ಲ. "ಬೇಕೇ ಬೇಕು ಕಣ್ರೀ, ಒಳ್ಳೆ ಕೆಲಸ" ಅಂತಲೇ ಎಲ್ಲರೂ ಶುರು ಮಾಡುತ್ತಾರೆ. ಜಾಗ ಯಾವುದು ಅಂತ ಬೆರಳು ತೋರಿಸಿದ ಕೂಡಲೇ ಮುಖ ಬದಲಾಗುತ್ತದೆ. "ಅಲ್ಲೇನಾ? ನಮ್ಮ ಗೇಟ್ ಪಕ್ಕಾನಾ?" ಆ ಗೇಟಿನವರು ಒಂದು ತಕರಾರು ಅರ್ಜಿ ಕೊಟ್ಟರೆ ಸಾಕು, 'ಸ್ಥಳೀಯರ ವಿರೋಧವಿದೆ' ಎಂಬ ಒಂದೇ ಸಾಲಿನಲ್ಲಿ ಫೈಲು ಮಲಗುತ್ತದೆ. ಹಾಗಾಗಿ ಈ ಬರಹದ ದೊಡ್ಡ ಪಾಲು ಆ ಗೇಟಿಗೇ ಮೀಸಲು.

ನನ್ನ ಉದಾಹರಣೆಗಳೆಲ್ಲ ಬೆಂಗಳೂರಿನವು. ಬೇರೆ ಊರಿನವರು ಹುದ್ದೆಗಳ ಹೆಸರು ಬದಲಿಸಿಕೊಂಡರೆ ಉಳಿದದ್ದು ಹಾಗೇ ನಡೆಯುತ್ತದೆ.

ಮೊದಲು ನಾಲ್ಕು ಪದ

ಮನವಿಯಲ್ಲಿ ಪದ ತಪ್ಪಿದರೆ ಫೈಲು ಬೇರೆ ಮೇಜಿಗೆ ಹೋಗುತ್ತದೆ. ಸ್ವಚ್ಛ ಭಾರತ ಮಿಷನ್ ಲೆಕ್ಕದಲ್ಲಿ 'ಸಮುದಾಯ ಶೌಚಾಲಯ' ಬೇರೆ, 'ಸಾರ್ವಜನಿಕ ಶೌಚಾಲಯ' ಬೇರೆ. ಮನೆಯಲ್ಲಿ ಟಾಯ್ಲೆಟ್ ಕಟ್ಟಲು ಜಾಗವಿಲ್ಲದ ಕುಟುಂಬಗಳಿಗೆ ಕಟ್ಟುವುದು ಸಮುದಾಯ ಶೌಚಾಲಯ. ಮಾರ್ಕೆಟ್, ಬಸ್ ನಿಲ್ದಾಣ, ಆಸ್ಪತ್ರೆ ರಸ್ತೆಯಲ್ಲಿ ಬಂದುಹೋಗುವ ಜನಕ್ಕೆ ಕಟ್ಟುವುದು ಸಾರ್ವಜನಿಕ ಶೌಚಾಲಯ. ಇಲ್ಲಿ ಮಾತಾಡುತ್ತಿರುವುದು ಎರಡನೆಯದರ ಬಗ್ಗೆ.

'ಒಡಿಎಫ್' ಅಂದರೆ ಬಯಲು ಶೌಚಮುಕ್ತ. ಒಂದು ಊರು ಹಾಗೆ ಘೋಷಿಸಿಕೊಳ್ಳಬೇಕಾದರೆ ಅಂಗಡಿ, ವ್ಯಾಪಾರ ಇರುವ ಪ್ರದೇಶಗಳಲ್ಲಿ 1 ಕಿ.ಮೀ. ಒಳಗೆ ಸಾರ್ವಜನಿಕ ಶೌಚಾಲಯ ಇರಬೇಕು. 'ಒಡಿಎಫ್ ಪ್ಲಸ್' ಅಂದರೆ ಇನ್ನೊಂದು ಮೆಟ್ಟಿಲು ಮೇಲೆ: ಬಯಲಲ್ಲಿ ಮೂತ್ರವನ್ನೂ ಮಾಡುವಂತಿಲ್ಲ, ಇರುವ ಶೌಚಾಲಯಗಳೆಲ್ಲ ಕೆಲಸ ಮಾಡುತ್ತಿರಬೇಕು. ನಿಮ್ಮ ಊರಿಗೆ ಈ ಸರ್ಟಿಫಿಕೇಟ್ ಸಿಕ್ಕಿದ್ದರೆ ಒಳ್ಳೆಯದೇ ಆಯಿತು. ನೀವು ಹೊಸದಾಗಿ ಏನನ್ನೂ ಕೇಳುತ್ತಿಲ್ಲ, ಪಾಲಿಕೆ ತಾನೇ ಒಪ್ಪಿಕೊಂಡ ಮಾತನ್ನು ನೆನಪಿಸುತ್ತಿದ್ದೀರಿ.

'ಯುಜಿಡಿ' ಅಂದರೆ ನೆಲದಡಿಯ ಒಳಚರಂಡಿ. 'ಓ ಅಂಡ್ ಎಂ' ಎಂದು ಎಂಜಿನಿಯರ್‌ಗಳು ಹೇಳುವುದು ದಿನದಿನದ ನಿರ್ವಹಣೆ ಮತ್ತು ರಿಪೇರಿಗೆ. ಈ ಕೊನೆಯ ಪದವನ್ನು ಚೆನ್ನಾಗಿ ನೆನಪಿಡಿ.

ಏನೇನು ಬೇಕು?

ನಾಲ್ಕೈದು ಜನ ಸಾಕು. ಅವರಲ್ಲಿ ಇಬ್ಬರಾದರೂ ಹೆಂಗಸರಿರಲಿ. ಬೀದಿಯಲ್ಲಿ ಎಲ್ಲರಿಗೂ ಗೊತ್ತಿರುವ ಹಿರಿಯರೊಬ್ಬರು, ರಿಟೈರ್ ಆದ ಮೇಷ್ಟ್ರೋ ಹಾಲಿನ ಬೂತಿನವರೋ, ಜೊತೆಗಿದ್ದರೆ ಅರ್ಧ ಬಾಗಿಲು ತಾನಾಗಿ ತೆರೆಯುತ್ತವೆ. ಒಂದು ನೋಟ್‌ಬುಕ್, ರಟ್ಟು, ಎರಡು ಪೆನ್ನು, ಕೈಯಲ್ಲಿ ಬರೆದ ಏರಿಯಾ ನಕ್ಷೆ. ಎಂಟು ಹತ್ತು ಭಾನುವಾರ. ಆಮೇಲೆ ಅರ್ಧ ಕೆ.ಜಿ. ರಂಗೋಲಿ ಪುಡಿ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಯಾವ ಪಕ್ಷದ ಶಾಲು, ಬಾವುಟ, ಬ್ಯಾನರ್ರೂ ಬೇಡ.

ಹಂತ 1: ಎಣಿಸಿ

"ತುಂಬಾ ಜನಕ್ಕೆ ತೊಂದರೆ ಆಗ್ತಿದೆ" ಅಂದರೆ ಯಾರೂ ಕಿವಿಗೊಡುವುದಿಲ್ಲ. ಬೆಳಿಗ್ಗೆ 7ರಿಂದ 8, ಮಧ್ಯಾಹ್ನ 12ರಿಂದ 1, ಸಂಜೆ 6ರಿಂದ 7: ಈ ಮೂರು ಹೊತ್ತು ಬಸ್ ಸ್ಟಾಪಿನ ಹತ್ತಿರ ಕೂತು ಎಣಿಸಿ. ಕೆಲಸದ ದಿನ ಒಂದು ಸಲ, ಭಾನುವಾರ ಒಂದು ಸಲ. ಬಸ್ಸಿಗೆ ಕಾಯುವವರು ಎಷ್ಟು, ಅದರಲ್ಲಿ ಹೆಂಗಸರು ಎಷ್ಟು? ತಳ್ಳುಗಾಡಿ, ಹೂವು, ಎಳನೀರಿನವರು ಎಷ್ಟು? ಆಟೋ ಸ್ಟ್ಯಾಂಡಿನಲ್ಲಿ ಎಷ್ಟು ಗಾಡಿ? ಆರ್ಡರ್‌ಗೆ ಕಾಯುತ್ತಾ ಬೈಕ್ ಮೇಲೆ ಕೂತ ಡೆಲಿವರಿ ಹುಡುಗರು ಎಷ್ಟು? ಪೌರಕಾರ್ಮಿಕರ ಮಸ್ಟರಿಂಗ್ ಕೇಂದ್ರ, ಅಂದರೆ ಬೆಳಿಗ್ಗೆ ಹಾಜರಿ ಹಾಕುವ ಜಾಗ, ಹತ್ತಿರದಲ್ಲಿದ್ದರೆ ಅವರನ್ನೂ ಬಿಡಬೇಡಿ. ಊರನ್ನು ಗುಡಿಸುವವರಿಗೇ ಹೋಗಲು ಒಂದು ಕಡೆ ಇರುವುದಿಲ್ಲ.

ಹೂವು ಮಾರುವವರ ಹತ್ತಿರ ಹೆಂಗಸರೇ ಹೋಗಿ ಕೂತು ಮಾತಾಡಿ. ಎಷ್ಟು ಗಂಟೆ ಇಲ್ಲಿ ಕೂರುತ್ತೀರಿ, ಎಲ್ಲಿಗೆ ಹೋಗುತ್ತೀರಿ, ಅದಕ್ಕೆ ಎಷ್ಟು ಕೊಡುತ್ತೀರಿ? ಬಹಳ ಸಲ ಸಿಗುವ ಉತ್ತರ ಒಂದೇ: "ಬೆಳಗ್ಗೆಯಿಂದ ನೀರು ಕುಡಿಯಲ್ಲ ಕಣಮ್ಮ, ಮನೆಗೆ ಹೋದ್ಮೇಲೇ." ಅದನ್ನು ಹಾಗೇ ಬರೆದುಕೊಳ್ಳಿ, ಹೆಸರು ಬೇಡ. ನೀವು ಇಂಗ್ಲಿಷ್‌ನಲ್ಲಿ ಎರಡು ಪುಟ ಬರೆದರೂ ಆ ಮಾತಿನಷ್ಟು ತಾಕುವುದಿಲ್ಲ.

ಎಚ್ಚರಿಕೆ: ಗೋಡೆಗೆ ನಿಂತವರ ಫೋಟೋ ತೆಗೆಯಬೇಡಿ. ಅದು ಅವಮಾನ, ಮೇಲಾಗಿ ಜಗಳ. ಗೋಡೆಯ ಫೋಟೋ ಸಾಕು. ನಮ್ಮ ಕಾಂಪೌಂಡ್‌ಗಳ ಮೇಲೆ ಗಣೇಶ, ತಿರುಪತಿ ತಿಮ್ಮಪ್ಪ, ಯೇಸು, ಮೆಕ್ಕಾ ಚಿತ್ರದ ಟೈಲ್ಸ್ ಸಾಲಾಗಿ ಅಂಟಿಸಿರುವುದು ನೋಡಿದ್ದೀರಲ್ವಾ? ಕೊನೆಯ ಟೈಲ್ ಮುಗಿದ ಮೇಲೆ ಎರಡು ಅಡಿ ಬಿಟ್ಟು ನೋಡಿ, ಒದ್ದೆ ಅಲ್ಲಿಂದ ಶುರುವಾಗುತ್ತದೆ. ದೇವರು ಜಾಗ ಬದಲಿಸಿದ, ಅಷ್ಟೇ. ಆ ಒಂದು ಫೋಟೋ ಮನೆಮನೆಗೆ ತೋರಿಸಲು ಬೇಕಾಗುತ್ತದೆ.

ಅದೇ ವಾರ ಒಂದು ಆರ್‌ಟಿಐ ಅರ್ಜಿ ಹಾಕಿಬಿಡಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಕೇಳಬಹುದು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಮೂರು ವಿಷಯ ಕೇಳಿ: ನಮ್ಮ ವಾರ್ಡ್‌ನಲ್ಲಿ ಎಷ್ಟು ಸಾರ್ವಜನಿಕ ಶೌಚಾಲಯಗಳಿವೆ, ಅವುಗಳ ನಿರ್ವಹಣೆಯ ಗುತ್ತಿಗೆ ಯಾರದು, ಕಳೆದ ವರ್ಷ ಅದಕ್ಕೆ ಎಷ್ಟು ಖರ್ಚಾಯಿತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಊರಿನ ದುಃಖವೆಲ್ಲ ತುಂಬಿ ಬರೆದರೆ ಅದೇ ಕಾರಣಕ್ಕೆ ವಾಪಸ್ ಬರುತ್ತದೆ. ಆ 30 ದಿನ ಕಳೆಯುವಷ್ಟರಲ್ಲಿ ನೀವು ಮುಂದಿನ ಮೂರು ಹಂತ ಮುಗಿಸಿರುತ್ತೀರಿ.

ಹಂತ 2: ಜಾಗ ಹುಡುಕಿ, ಒಂದಲ್ಲ ಎರಡು

ಜಾಗ ಹೇಳದೆ ಸಹಿ ಸಂಗ್ರಹಿಸುವುದು ಹೊಸಬರು ಮಾಡುವ ಮೊದಲ ತಪ್ಪು. 300 ಸಹಿ ಸುಲಭವಾಗಿ ಸಿಗುತ್ತವೆ. ಜಾಗ ಗೊತ್ತಾದ ದಿನ ಅದರಲ್ಲಿ 40 ಜನ ಬಂದು "ನನ್ನ ಹೆಸರು ತೆಗೀರಿ" ಅನ್ನುತ್ತಾರೆ.

ಕೆಲವು ಜಾಗಗಳನ್ನು ಮೊದಲೇ ಕೈಬಿಡಿ. ಫುಟ್‌ಪಾತ್ ಬೇಡ, ಅದು ನಡೆಯುವವರದು. ಕೆರೆ ಮತ್ತು ರಾಜಕಾಲುವೆಯ ಬಫರ್, ಅಂದರೆ ಕಟ್ಟಡ ಕಟ್ಟಬಾರದ ಅಂಚು, ಬೇಡ. ಪಾರ್ಕ್ ಸುಲಭ ಅನ್ನಿಸುತ್ತದೆ, ಆದರೆ ಪಾರ್ಕು, ಆಟದ ಮೈದಾನಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರ ಕಾಯ್ದೆಯೇ ಇದೆ, ಯಾರಾದರೂ ಅಡ್ಡ ಬಂದರೆ ನಿಮ್ಮ ಕೆಲಸ ಅಲ್ಲಿಗೇ ನಿಲ್ಲುತ್ತದೆ. ವಾರ್ಡ್ ಆಫೀಸಿನ ಆವರಣ, ಬಸ್ ನಿಲ್ದಾಣದ ಮೂಲೆ, ಮಾರ್ಕೆಟ್ ಕಟ್ಟಡ, ಫ್ಲೈಓವರ್ ಕೆಳಗಿನ ಜಾಗ ನೋಡಿ. ಮುಚ್ಚಿಹೋದ ಹಳೆಯ ಶೌಚಾಲಯ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ಬೆಂಗಳೂರಿನಲ್ಲಿ ಹಳೆಯ 'ನಿರ್ಮಲ' ಶೌಚಾಲಯಗಳು ಇನ್ನೂ ಕಾಣುತ್ತವೆ. ಅಂಥದ್ದಕ್ಕೆ ಪೈಪು ಆಗಲೇ ಇರುತ್ತದೆ, ರಿಪೇರಿಯ ಫೈಲು ಹೊಸ ಕಟ್ಟಡದ ಫೈಲಿಗಿಂತ ಬೇಗ ಓಡುತ್ತದೆ.

ಜಾಗ ನೋಡುವಾಗ ಹತ್ತಿರದ ಮ್ಯಾನ್‌ಹೋಲ್ ಎಲ್ಲಿದೆ ನೋಡಿ. ಒಳಚರಂಡಿ ನೀರು ಇಳಿಜಾರಿನಲ್ಲಿ ತಾನಾಗಿ ಹರಿಯಬೇಕು. ನಿಮ್ಮ ಜಾಗ ಮ್ಯಾನ್‌ಹೋಲ್‌ಗಿಂತ ತಗ್ಗಿನಲ್ಲಿದ್ದರೆ ಪಂಪ್ ಬೇಕು. ಪಂಪ್ ಕೆಟ್ಟ ದಿನ ಶೌಚಾಲಯಕ್ಕೆ ಬೀಗ. ಇದನ್ನು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ, ಜೋರು ಮಳೆ ಬಂದಾಗ ರಸ್ತೆ ನೀರು ಯಾವ ಕಡೆ ಓಡುತ್ತದೆ ಅಂತ ನೋಡಿದರೆ ಅರ್ಧ ಅಂದಾಜು ಸಿಗುತ್ತದೆ. ಉಳಿದರ್ಧವನ್ನು ಜಲಮಂಡಳಿಯವರನ್ನು ಕೇಳಿ.

ಹಂತ 3: "ತೊಳೆಯೋರು ಯಾರು?" ಇದಕ್ಕೆ ಉತ್ತರ ಇಟ್ಟುಕೊಳ್ಳಿ

ಪ್ರತಿ ಮನೆಯಲ್ಲೂ ಈ ಪ್ರಶ್ನೆ ಬರುತ್ತದೆ. "ಪಾಲಿಕೆಯವರು ನೋಡ್ಕೋತಾರೆ" ಅಂದರೆ ಜನ ನಗುತ್ತಾರೆ. ನಗುವುದು ನ್ಯಾಯವೇ.

ಲೆಕ್ಕ ಹಾಕಿ ನೋಡೋಣ. ದಿನಕ್ಕೆ 200 ಜನ, ತಲೆಗೆ 5 ರೂಪಾಯಿ ಅಂದರೆ ದಿನಕ್ಕೆ 1,000, ತಿಂಗಳಿಗೆ 30,000. ಬೆಳಿಗ್ಗೆಯಿಂದ ರಾತ್ರಿವರೆಗೆ ಎರಡು ಪಾಳಿಗೆ ಇಬ್ಬರು ಬೇಕು. ಅವರಿಗೆ ನ್ಯಾಯವಾದ ಸಂಬಳ ಕೊಟ್ಟರೆ ಆ ದುಡ್ಡು ಅಲ್ಲಿಗೇ ಮುಗಿಯಿತು. ನೀರು, ಕರೆಂಟು, ಫಿನಾಯಿಲ್, ಕೆಟ್ಟುಹೋದ ನಲ್ಲಿ ಎಲ್ಲ ಯಾರ ಜೇಬಿನಿಂದ? ಹಣ ಕೊಟ್ಟು ಬಳಸುವ ಪದ್ಧತಿಯನ್ನು ಸುಲಭ್ ಸಂಸ್ಥೆ 1974ರಲ್ಲಿ ಪಾಟ್ನಾದಲ್ಲಿ ಶುರು ಮಾಡಿತು. ಮೆಜೆಸ್ಟಿಕ್‌ನಂಥ ಕಡೆ ಜನಸಂದಣಿ ಇರುವುದರಿಂದ ಅಂಥ ಲೆಕ್ಕ ಕೂಡಿಬರುತ್ತದೆ. ಬಡಾವಣೆಯ ಮೂಲೆಯಲ್ಲಿರುವ ನಾಲ್ಕು ಸೀಟಿನದಕ್ಕೆ ಬರುವುದಿಲ್ಲ. ಹಾಗಾಗಿ ನಿಮ್ಮ ಬೇಡಿಕೆಯಲ್ಲಿ ಎರಡು ಭಾಗ ಇರಲಿ: ಕಟ್ಟಡಕ್ಕೆ ಹಣ, ನಿರ್ವಹಣೆಗೆ ಪ್ರತಿ ವರ್ಷ ಬಜೆಟ್‌ನಲ್ಲಿ ಬೇರೆ ಹಣ. ಎರಡನೆಯದು ಇಲ್ಲ ಅಂದರೆ ಮೊದಲನೆಯದನ್ನು ಒಪ್ಪಬೇಡಿ. ಹಾಳುಬಿದ್ದ ಶೌಚಾಲಯ ಮುಂದಿನ ಹತ್ತು ವರ್ಷ ಯಾರೂ ಇನ್ನೊಂದನ್ನು ಕೇಳದ ಹಾಗೆ ಮಾಡುತ್ತದೆ.

ಇನ್ನೊಂದು ವಿಷಯ. ಗಂಡಸರ ಮೂತ್ರಿ ಫ್ರೀ, ಹೆಂಗಸರು ಮಾತ್ರ ದುಡ್ಡು ಕೊಡಬೇಕು ಅನ್ನುವ ಪದ್ಧತಿ ಬಹಳ ಕಡೆ ಇದೆ. ಮುಂಬೈನ ಮಹಿಳಾ ಸಂಘಟನೆಗಳು 2011ರಿಂದ ಹೋರಾಟ ಮಾಡಿದ್ದು ಮುಖ್ಯವಾಗಿ ಇದರ ವಿರುದ್ಧವೇ. ನಿಮ್ಮ ಮನವಿಯಲ್ಲಿ 'ಮೂತ್ರ ವಿಸರ್ಜನೆಗೆ ಹೆಂಗಸರಿಗೂ ಉಚಿತ' ಎಂಬ ಸಾಲು ಮೊದಲ ದಿನದಿಂದಲೇ ಇರಲಿ. ಆಮೇಲೆ ಸೇರಿಸುವುದು ಕಷ್ಟ.

ಹಂತ 4: ಪಕ್ಕದ ಗೇಟಿನಿಂದ ಶುರು ಮಾಡಿ

ನೀವು ಆರಿಸಿದ ಜಾಗಕ್ಕೆ ಅಂಟಿಕೊಂಡ ಮನೆ, ಎದುರಿನ ಮನೆ, ಪಕ್ಕದ ಅಂಗಡಿ. ಮೊದಲು ಹೋಗಬೇಕಾದದ್ದು ಇಲ್ಲಿಗೆ. ನಾವು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ. ದೂರದ ಕ್ರಾಸಿನಿಂದ ಶುರು ಮಾಡಿ, ಸಹಿ ಗುಡ್ಡೆ ಹಾಕಿಕೊಂಡು, ಕೊನೆಗೆ ಪಕ್ಕದ ಮನೆಯವರ ಮುಂದೆ ಹಿಡಿಯುತ್ತೇವೆ. "ಇಡೀ ಏರಿಯಾ ಒಪ್ಪಿದೆ, ನೀವೊಬ್ಬರೇ ಬಾಕಿ" ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನನ್ನ ಮೊದಲ ಪ್ರಯತ್ನ ಹೀಗೇ ಮುಗಿಯಿತು, ತಪ್ಪು ನಮ್ಮದೇ.

ಇಲ್ಲಿಗೆ ಸಹಿ ಹಾಳೆ ತೆಗೆದುಕೊಂಡು ಹೋಗಬೇಡಿ. ಕೇಳಲು ಹೋಗಿ. "ಇಲ್ಲೊಂದು ಶೌಚಾಲಯ ಆಗಬೇಕು ಅಂತ ಯೋಚನೆ. ಇನ್ನೂ ಯಾರಿಗೂ ಹೇಳಿಲ್ಲ. ಮೊದಲು ನಿಮ್ಮನ್ನು ಕೇಳೋಣ ಅಂತ ಬಂದ್ವಿ." ಬೈದರೆ ಬೈಸಿಕೊಳ್ಳಿ. ಅರ್ಧ ಗಂಟೆ ಆದ ಮೇಲೆ ಸಿಟ್ಟು ಇಳಿದು ಪ್ರಶ್ನೆಗಳು ಉಳಿಯುತ್ತವೆ: ಬಾಗಿಲು ಯಾವ ಕಡೆ? ಎಷ್ಟು ದೊಡ್ಡದು? ರಾತ್ರಿ ಎಷ್ಟು ಹೊತ್ತಿಗೆ ಮುಚ್ಚುತ್ತೆ?

ಆಗ ರಂಗೋಲಿ ಪುಡಿ ಹೊರಗೆ ತೆಗೆಯಿರಿ. ಅವರನ್ನೇ ಕರೆದುಕೊಂಡು ಹೋಗಿ ನೆಲದ ಮೇಲೆ ನಿಜವಾದ ಅಳತೆಯಲ್ಲಿ ಗೆರೆ ಎಳೆಯಿರಿ. ಅಗಲ 12 ಅಡಿ, ಉದ್ದ 20 ಅಡಿ ಅಂದುಕೊಳ್ಳಿ. ಇದು ಹೆಂಗಸರ ಬಾಗಿಲು, ಇದು ಗಂಡಸರದು, ನಡುವೆ ನೋಡಿಕೊಳ್ಳುವವರ ಕೋಣೆ. ಜನರ ತಲೆಯಲ್ಲಿರುವ ಶೌಚಾಲಯ ಯಾವಾಗಲೂ ದೊಡ್ಡದು, ಗಲೀಜು, ಅವರ ಅಡುಗೆಮನೆ ಕಿಟಕಿಗೇ ಮುಖ ಮಾಡಿರುವಂಥದ್ದು. ನೆಲದ ಮೇಲಿನ ಗೆರೆ ಅಷ್ಟು ಭಯಂಕರ ಇರುವುದಿಲ್ಲ. ಅವರ ಗೇಟಿಗೆ ಹೋಗಿ ನಿಂತು ಅಲ್ಲಿಂದ ಏನು ಕಾಣುತ್ತದೆ ನೋಡಿ. ಅಜ್ಜಿಯೊಬ್ಬರು ಆ ಗೆರೆಯನ್ನು ಕಾಲಿನಿಂದ ಒರೆಸಿ "ಬಾಗ್ಲು ಆ ಕಡೆ ಹಾಕು" ಅಂತ ತಾವೇ ಬೇರೆ ಗೆರೆ ಎಳೆದಿದ್ದನ್ನು ನೋಡಿದ್ದೇನೆ. ಗೆರೆ ಎಳೆದವರು ಆಮೇಲೆ ತಕರಾರು ಅರ್ಜಿ ಬರೆಯುವುದು ಕಡಿಮೆ.

ಅವರು ಹೇಳಿದ್ದನ್ನು 'ಷರತ್ತುಗಳು' ಎಂದು ಬರೆದುಕೊಂಡು ಓದಿ ಹೇಳಿ. ಬಾಗಿಲು ಮುಖ್ಯ ರಸ್ತೆಗೆ, ಗಾಳಿಕಿಂಡಿ ಮನೆಯ ಕಡೆಗೆ ಬೇಡ, ರಾತ್ರಿ 10ಕ್ಕೆ ಬೀಗ, ಹೊರಗೆ ಒಂದು ದೀಪ. ಇವೆಲ್ಲ ಮನವಿಯ ಭಾಗ ಆಗುತ್ತವೆ ಎಂದು ಹೇಳಿ, ಹಾಗೇ ಮಾಡಿ. ಎರಡು ಮೂರು ಸಲ ಹೋದರೂ ಒಪ್ಪಲೇ ಇಲ್ಲವೇ? ಎರಡನೇ ಜಾಗಕ್ಕೆ ಹೋಗಿ. ಅದಕ್ಕೇ ಎರಡು ಜಾಗ ಅಂದದ್ದು. ಹಠಕ್ಕೆ ಬೀಳಬೇಡಿ.

ಹಂತ 5: ಈಗ ಬೀದಿ ಸುತ್ತಿ

ಭಾನುವಾರ ಬೆಳಿಗ್ಗೆ 10ರಿಂದ 12.30 ಒಳ್ಳೆಯ ಹೊತ್ತು. ತಿಂಡಿ ಆಗಿರುತ್ತದೆ, ಊಟ ಆಗಿರುವುದಿಲ್ಲ. ಮಧ್ಯಾಹ್ನ ನಿದ್ದೆ, ಸಂಜೆ 7ರ ಮೇಲೆ ಸೀರಿಯಲ್. ಭಾನುವಾರ 4.30ರಿಂದ 6 ರಾಹುಕಾಲ, ನಂಬುವವರು ಆ ಹೊತ್ತಿನಲ್ಲಿ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ನೀವು ನಂಬದಿದ್ದರೂ ಅವರ ಬಾಗಿಲಲ್ಲಿ ವಾದ ಬೇಡ.

ಇಬ್ಬಿಬ್ಬರಾಗಿ ಹೋಗಿ, ಒಬ್ಬರಾದರೂ ಹೆಂಗಸರಿರಲಿ. ಗೇಟ್ ಹೊರಗೇ ನಿಂತು ಮಾತಾಡಿ. ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿ: "ನಮಸ್ಕಾರ, ನಾವು 4ನೇ ಕ್ರಾಸಿನವರು. ಬಸ್ ಸ್ಟಾಪ್ ಹತ್ತಿರ ಶೌಚಾಲಯ ಇಲ್ಲ, ದಿನಾ ಇಷ್ಟು ಜನ ಕಾಯ್ತಾರೆ, ಎಣಿಸಿದ್ದೀವಿ. ಈ ಜಾಗ ನೋಡಿದ್ದೀವಿ, ಪಕ್ಕದ ಮನೆಯವರ ಹತ್ತಿರ ಮಾತಾಡಿದ್ದೀವಿ. ನಿಮಗೆ ಏನನ್ನಿಸುತ್ತೆ?" ಕೊನೆಯ ಪ್ರಶ್ನೆ ಕೇಳಿದ ಮೇಲೆ ಸುಮ್ನಿರಿ. ಮೊದಲ ಸುತ್ತಿನಲ್ಲಿ ಎಲ್ಲರೂ ತಪ್ಪುವುದು ಇಲ್ಲೇ, ಉತ್ತರ ಬರುವ ಮೊದಲೇ ಭಾಷಣ ಶುರು ಮಾಡುತ್ತೇವೆ.

ಸಹಿ ಹಾಳೆಯಲ್ಲಿ ಹೆಸರು, ಮನೆ ನಂಬರ್ ಅಥವಾ ಕ್ರಾಸ್, ಸಹಿ. ಇಷ್ಟೇ. ಫೋನ್ ನಂಬರ್, ಆಧಾರ್, ವೋಟರ್ ಐಡಿ ಕೇಳಲೇಬೇಡಿ. ಕೇಳಿದರೆ ಬಾಗಿಲು ಮುಚ್ಚುತ್ತದೆ, ಮುಚ್ಚಲೂ ಬೇಕು. ಪ್ರತಿ ಹಾಳೆಯ ತಲೆಯಲ್ಲಿ ವಿಷಯ ಪೂರ್ತಿ ಬರೆದಿರಲಿ. ಬರೀ ಗೆರೆ ಎಳೆದ ಖಾಲಿ ಹಾಳೆಗೆ ಸಹಿ ಹಾಕಲು ಬುದ್ಧಿವಂತರು ಹಿಂಜರಿಯುತ್ತಾರೆ, ಆಫೀಸಿನಲ್ಲೂ ಅದಕ್ಕೆ ಬೆಲೆಯಿಲ್ಲ.

ಬಾಡಿಗೆಯವರನ್ನು, ಪಿಜಿಯಲ್ಲಿ ಇರುವವರನ್ನು ಬಿಡಬೇಡಿ. ಅಪಾರ್ಟ್‌ಮೆಂಟ್‌ಗಳಲ್ಲಿ ಗೇಟಿನಲ್ಲೇ ತಡೆಯುತ್ತಾರೆ. ಅಸೋಸಿಯೇಷನ್ ಕಾರ್ಯದರ್ಶಿಗೆ ಒಂದು ಪತ್ರ ಕೊಟ್ಟು, ತಡೆದ ಸೆಕ್ಯುರಿಟಿಯವರ ಹತ್ತಿರ ಮಾತಾಡಿ. ಹನ್ನೆರಡು ಗಂಟೆ ಗೇಟಲ್ಲಿ ನಿಲ್ಲುವ ಅವರಿಗೆ ನಿಮ್ಮ ಮಾತು ಬೇಗ ಅರ್ಥವಾಗುತ್ತದೆ. ಮನೆಗೆಲಸಕ್ಕೆ ಬರುವವರನ್ನೂ ಕೇಳಿ. ಕೆಲಸ ಮಾಡುವ ಮನೆಯಲ್ಲೇ ಅವರಿಗೆ ಟಾಯ್ಲೆಟ್ ಬಳಸಲು ಬಿಡದ ಮನೆಗಳು ನಮ್ಮ ನಡುವೆ ಇವೆ. ಅದನ್ನು ಯಾರೂ ಜೋರಾಗಿ ಹೇಳುವುದಿಲ್ಲ.

ಬಾಗಿಲಲ್ಲಿ ಕೇಳಿಬರುವ ಮಾತುಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ.

"ವಾಸನೆ ಬರುತ್ತೆ." ಒಪ್ಪಿಕೊಳ್ಳಿ, ತೊಳೆಯದಿದ್ದರೆ ಬಂದೇ ಬರುತ್ತದೆ. ಆಮೇಲೆ ಗೋಡೆಯ ಫೋಟೋ ತೋರಿಸಿ: ಈಗಲೂ ಬರುತ್ತಿದೆ, ಅದನ್ನು ತೊಳೆಯುವವರೂ ಇಲ್ಲ. ನಿರ್ವಹಣೆಯ ಹಣ ಇಲ್ಲದೆ ನಾವೂ ಒಪ್ಪಲ್ಲ ಎಂದು ಹೇಳಿ.

"ಕುಡುಕರು ಸೇರ್ತಾರೆ." ಈ ಭಯ ಸುಳ್ಳಲ್ಲ. ಕತ್ತಲೆ ಮತ್ತು ಕಾವಲಿಲ್ಲದ ಜಾಗ ಇದ್ದ ಕಡೆ ಅದು ಆಗುತ್ತದೆ. ದೀಪ, ನೋಡಿಕೊಳ್ಳುವವರು, ರಾತ್ರಿ ಬೀಗ: ಈ ಮೂರು ನಮ್ಮ ಬೇಡಿಕೆಯಲ್ಲೇ ಇವೆ ಅಂತ ಹಾಳೆ ತೋರಿಸಿ.

"ಸೈಟ್ ರೇಟು ಬೀಳುತ್ತೆ." ಇದಕ್ಕೆ ಅಂಕಿ ಅಂಶ ಹೇಳಲು ಹೋಗಬೇಡಿ, ಸುಮ್ನೆ ಜಗಳವಾಗುತ್ತದೆ. ಮೂತ್ರದ ಗೋಡೆ ಪಕ್ಕದ ಸೈಟಿಗೆ ಯಾರು ಜಾಸ್ತಿ ಕೊಡುತ್ತಾರೆ ಎಂದು ನಗುತ್ತಾ ಕೇಳಿ, ಮುಂದೆ ಹೋಗಿ.

"ಹೋಟೆಲ್‌ಗಳಿವೆಯಲ್ಲ?" ನಿಂತು ತಿನ್ನುವ ದರ್ಶಿನಿಗಳಲ್ಲಿ ಎಷ್ಟರಲ್ಲಿ ಶೌಚಾಲಯ ಇದೆ, ಲೆಕ್ಕ ಹಾಕಿ ಅಂತ ಹೇಳಿ. ಇದ್ದ ಕಡೆಯೂ ತರಕಾರಿ ಗಾಡಿಯವರನ್ನು ದಿನಕ್ಕೆ ಮೂರು ಸಲ ಒಳಗೆ ಬಿಡುತ್ತಾರಾ?

"ಇ-ಟಾಯ್ಲೆಟ್ ಹಾಕಿದ್ರಲ್ಲ, ಏನಾಯ್ತು?" ಒಳ್ಳೆಯ ಪ್ರಶ್ನೆ. ನಾಣ್ಯ ಹಾಕಿದರೆ ಬಾಗಿಲು ತೆರೆಯುವ ಆ ಡಬ್ಬಿಗಳಲ್ಲಿ ನಾಣ್ಯ ಸಿಕ್ಕಿಕೊಂಡರೆ, ನೀರು ನಿಂತರೆ ಕೇಳಲು ಅಲ್ಲಿ ಮನುಷ್ಯರೇ ಇರುವುದಿಲ್ಲ. ಒಳಗೆ ಸಿಕ್ಕಿಹಾಕಿಕೊಂಡರೆ ಅಂತ ಹೆಂಗಸರು ಹತ್ತಿರವೂ ಹೋಗುವುದಿಲ್ಲ. ಅದಕ್ಕೇ ನಾವು ಕೇಳುವುದು ಮನುಷ್ಯರು ಕೂತಿರುವ ಶೌಚಾಲಯ.

"ದೇವಸ್ಥಾನ ಹತ್ತಿರ ಇದೆ." ಅರ್ಚಕರನ್ನು, ಸಮಿತಿಯವರನ್ನು ನೇರ ಹೋಗಿ ಕಾಣಿ. ಜಾತ್ರೆ, ತೇರಿನ ದಿನ ಜನಕ್ಕೆ ಎಷ್ಟು ಕಷ್ಟ ಅಂತ ಅವರಿಗಿಂತ ಚೆನ್ನಾಗಿ ಗೊತ್ತಿರುವವರಿಲ್ಲ. ಅವರೇ ಬೇಡ ಅಂದರೆ ಜಾಗ ಬದಲಿಸಿ.

"ಎಲೆಕ್ಷನ್‌ಗೆ ನಿಲ್ತೀರಾ?" ಇಲ್ಲ ಅನ್ನಿ. ನಿಮ್ಮ ಗುಂಪಿನಲ್ಲಿ ಯಾರಾದರೂ ನಿಲ್ಲುವವರಿದ್ದರೆ ಅವರನ್ನು ಈ ಕೆಲಸದಿಂದ ದೂರ ಇಡಿ.

ಒಳಗೆ ಏನಿರಬೇಕು ಅಂತಲೂ ಕೇಳುತ್ತಾ ಹೋಗಿ. ಕಮೋಡ್ ಬೇಕೋ ಇಂಡಿಯನ್ ಬೇಕೋ ಅಂತ ಚರ್ಚೆ ಬರುತ್ತದೆ, ಎರಡೂ ಇರಲಿ. ಗಾಲಿಕುರ್ಚಿಗೆ ಇಳಿಜಾರು ಬೇಕು, 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು. ಆದರೆ ಹೆಂಗಸರು ಮತ್ತೆ ಮತ್ತೆ ಹೇಳುವುದು ಬಾಗಿಲ ಹಿಂದಿನ ಒಂದು ಕೊಕ್ಕೆಯ ಬಗ್ಗೆ. ಬ್ಯಾಗು, ಹೂವಿನ ಬುಟ್ಟಿ, ಸೆರಗು ಹಿಡಿದುಕೊಂಡು ಒದ್ದೆ ನೆಲದ ಮೇಲೆ ಒಬ್ಬರೇ ಏನು ಮಾಡಬೇಕು? ಒಂದು ಕೊಕ್ಕೆ, ಮುಚ್ಚಳವಿರುವ ಕಸದ ಡಬ್ಬಿ, ಒಳಗಿನಿಂದ ಸರಿಯಾಗಿ ಬೀಳುವ ಚಿಲಕ. ಪ್ಲಾನಿನಲ್ಲಿ ಇವು ಕಾಣುವುದಿಲ್ಲ, ಹಾಗಾಗಿ ಬರೆದೇ ಕೊಡಬೇಕು.

ಹಂತ 6: ಮನವಿ ಬರೆಯಿರಿ

ಒಂದೇ ಪುಟ. ಕನ್ನಡದಲ್ಲಿ. ಮೊದಲ ಪ್ಯಾರಾದಲ್ಲಿ ನಿಮ್ಮ ಎಣಿಕೆ, ಎರಡನೆಯದರಲ್ಲಿ ಜಾಗ, ಮೂರನೆಯದರಲ್ಲಿ ಷರತ್ತುಗಳು ಮತ್ತು ನಿರ್ವಹಣೆ. ಸೀಟಿನ ಲೆಕ್ಕ ಬರೆಯುವಾಗ ಸ್ವಚ್ಛ ಭಾರತ ಮಿಷನ್‌ನ ಮಾರ್ಗಸೂಚಿಯನ್ನು ನೆನಪಿಸಿ: ಸಾರ್ವಜನಿಕ ಶೌಚಾಲಯದಲ್ಲಿ 100 ಗಂಡಸರಿಗೆ 1 ಸೀಟು, 100 ಹೆಂಗಸರಿಗೆ 2. ಕಟ್ಟುವಾಗ ಇದು ಉಲ್ಟಾ ಆಗುವುದೇ ಜಾಸ್ತಿ. ಒಡಿಎಫ್‌ನ 1 ಕಿ.ಮೀ. ಮಾತು ಒಂದು ಸಾಲು. ಬೇಕಾದರೆ ಇನ್ನೊಂದು ಸಾಲು: 2025ರ ಜನವರಿ 15ರಂದು ಸುಪ್ರೀಂ ಕೋರ್ಟ್ ದೇಶದ ಎಲ್ಲ ಕೋರ್ಟ್‌ಗಳಲ್ಲಿ ಶೌಚಾಲಯ ಕಟ್ಟಲು ಆದೇಶ ಕೊಟ್ಟಾಗ, ಈ ಸೌಲಭ್ಯ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿದೆ. ಆದೇಶ ಕೋರ್ಟ್ ಕಟ್ಟಡಗಳಿಗೆ ಸಂಬಂಧಿಸಿದ್ದು, ಅದನ್ನು ಬೀದಿಗೆ ನೇರ ಅನ್ವಯಿಸಿ ಬರೆಯಬೇಡಿ. ತತ್ವ ಮಾತ್ರ ಹೇಳಿ.

ಸಹಿಗಳ ಜೆರಾಕ್ಸ್ ಕೊಡಿ, ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ.

ಹಂತ 7: ಆಫೀಸು

ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳಿವೆ: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ನೀವು ಯಾವುದರಲ್ಲಿ ಬರುತ್ತೀರಿ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಹಳೆಯ ವಿಳಾಸಕ್ಕೆ ಬರೆದ ಪತ್ರ ಸುತ್ತಾಡುತ್ತಲೇ ಇರುತ್ತದೆ. ಮನವಿ ಆ ಪಾಲಿಕೆಯ ಆಯುಕ್ತರಿಗೆ, ಅದರ ನಕಲು ನಿಮ್ಮ ವಾರ್ಡ್ ಎಂಜಿನಿಯರ್‌ಗೆ ಮತ್ತು ಶಾಸಕರಿಗೆ. ನಗರಸಭೆಯಾದರೆ ಪೌರಾಯುಕ್ತರು, ಪುರಸಭೆಯಾದರೆ ಮುಖ್ಯಾಧಿಕಾರಿ, ಹಳ್ಳಿಯಾದರೆ ಪಿಡಿಒ. ಹಳ್ಳಿಯಲ್ಲಿ ಗ್ರಾಮಸಭೆಯಲ್ಲೇ ವಿಷಯ ಎತ್ತಿ ನಡಾವಳಿಯಲ್ಲಿ, ಅಂದರೆ ಸಭೆಯ ದಾಖಲೆಯಲ್ಲಿ, ಬರೆಸಿ.

ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಸೀಲು, ದಿನಾಂಕ ಹಾಕಿಸಿಕೊಳ್ಳಿ. "ಇಟ್ಟು ಹೋಗಿ, ಸಾಹೇಬ್ರು ಬಂದ್ಮೇಲೆ ಹಾಕ್ತಾರೆ" ಅಂದರೆ ಅಲ್ಲೇ ಕಾಯಿರಿ. ಒಂದು ಆಫೀಸಿನಲ್ಲಿ ನಾವು ಸೀಲಿಲ್ಲದೆ ಬಿಟ್ಟುಬಂದ ಮನವಿ ಮುಂದಿನ ತಿಂಗಳು ಅಲ್ಲಿ ಇರಲೇ ಇಲ್ಲ. ಎಲ್ಲ ಮೊದಲಿನಿಂದ ಶುರು.

"ಫಂಡ್ ಇಲ್ಲ" ಅನ್ನುವ ಉತ್ತರಕ್ಕೆ ತಯಾರಿರಿ. ಕರ್ನಾಟಕದಲ್ಲಿ ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಏರಿಯಾದಲ್ಲಿ ದೊಡ್ಡ ಕಂಪನಿ ಇದ್ದರೆ ಸಿಎಸ್ಆರ್ ಕೇಳಬಹುದು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ನೈರ್ಮಲ್ಯ ಆ ಪಟ್ಟಿಯಲ್ಲಿದೆ. 2020ರಲ್ಲಿ ಮೆಜೆಸ್ಟಿಕ್‌ನಲ್ಲಿ ಕೆಎಸ್ಆರ್‌ಟಿಸಿ ಹಳೆಯ ಬಸ್ಸನ್ನೇ 'ಸ್ತ್ರೀ ಶೌಚಾಲಯ' ಮಾಡಿದ್ದು ಬೆಂಗಳೂರು ವಿಮಾನ ನಿಲ್ದಾಣ ಸಂಸ್ಥೆಯ ಇಂಥ ಹಣದಿಂದಲೇ. ಆದರೆ ಇವೆಲ್ಲ ಕಟ್ಟಲು ಸಿಗುವ ಹಣ, ತೊಳೆಯಲು ಅಲ್ಲ. ನಿರ್ವಹಣೆಯ ಮಾತು ಬರವಣಿಗೆಯಲ್ಲಿ ಬರುವವರೆಗೆ ಹೂವಿನ ಹಾರ, ಫೋಟೋ ಎಲ್ಲ ಬೇಡ.

ಒಂದು ತಿಂಗಳಾದರೂ ಉತ್ತರ ಇಲ್ಲದಿದ್ದರೆ 1902ಕ್ಕೆ ಕರೆ ಮಾಡಿ ಜನಸ್ಪಂದನದಲ್ಲಿ ದೂರು ದಾಖಲಿಸಿ, ಸೀಲು ಹಾಕಿದ ದಿನಾಂಕ ಹೇಳಿ. ನಂತರ 'ನಮ್ಮ ಮನವಿಯ ಮೇಲೆ ತೆಗೆದುಕೊಂಡ ಕ್ರಮ ಏನು' ಎಂದು ಮತ್ತೊಂದು ಆರ್‌ಟಿಐ. ಅಲ್ಲೂ 30 ದಿನ ಮೀರಿದರೆ ಮೊದಲ ಮೇಲ್ಮನವಿ ಸಲ್ಲಿಸಲು ನಿಮಗೆ ಇನ್ನು 30 ದಿನ ಇರುತ್ತದೆ. ಆ ದಿನಾಂಕ ಕ್ಯಾಲೆಂಡರ್ ಮೇಲೆ ಗುರುತು ಹಾಕಿಡಿ, ತಪ್ಪಿಹೋಗುತ್ತದೆ.

ಎಂಜಿನಿಯರ್ ಜಾಗ ನೋಡಲು ಬರುವ ದಿನ ಪಕ್ಕದ ಗೇಟಿನವರನ್ನೂ ಕರೆಯಿರಿ. ಅವರ ಷರತ್ತು ಅವರ ಬಾಯಿಂದಲೇ ಬರಲಿ.

ಹಂತ 8: ಬೀಗ ತೆರೆದ ಮೇಲೆ

ಉದ್ಘಾಟನೆಯ ಫೋಟೋ ಮುಗಿದ ಮೇಲೆ ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆ ಹೋಗಿ. ನೀರಿದೆಯಾ, ದೀಪ ಹತ್ತುತ್ತದೆಯಾ, ಚಿಲಕ ಬೀಳುತ್ತದೆಯಾ, ಕೊಕ್ಕೆ ಇದೆಯಾ, ಹೆಂಗಸರ ಹತ್ತಿರ ದುಡ್ಡು ಕೇಳುತ್ತಿದ್ದಾರಾ? ಹೆಂಗಸರ ಕಡೆ ಹೆಂಗಸರೇ ನೋಡಿ ಬರಲಿ. ಬಹಳ ಕಡೆ ಆ ಬಾಗಿಲಿಗೆ ಬೀಗ ಹಾಕಿ ಒಳಗೆ ಪೊರಕೆ, ಬಕೆಟ್ ಇಟ್ಟಿರುತ್ತಾರೆ. ನೋಡಿಕೊಳ್ಳುವವರಿಗೆ ಸಂಬಳ ಸರಿಯಾಗಿ ಬರುತ್ತಿದೆಯಾ ಎಂದೂ ಕೇಳಿ. ಅದು ನಿಂತ ತಿಂಗಳು ಶೌಚಾಲಯವೂ ನಿಲ್ಲುತ್ತದೆ. ದೂರಿನ ನಂಬರ್ ಗೋಡೆ ಮೇಲೆ ದೊಡ್ಡದಾಗಿ ಬರೆಸಿ, ಬೆಂಗಳೂರಾದರೆ 1533.

ಅಲ್ಲಿಂದ ಹೊರಟಾಗ ಪಕ್ಕದ ಗೇಟನ್ನು ಒಮ್ಮೆ ತಟ್ಟಿ. ಹೊರಗಿನ ದೀಪ ಕೆಟ್ಟು ನಾಲ್ಕು ದಿನ ಆಯಿತು ಅಂತ ನಿಮಗಿಂತ ಮೊದಲು ಅವರಿಗೇ ಗೊತ್ತಿರುತ್ತದೆ.